ಬಾಗಿಲ ಸಂದಿನ ಗಂಧ

ವಿಜಯದಶಮಿಯ ಬೆಳಿಗ್ಗೆ ಗಿರಿಧರ್ ನಮ್ಮ ಮನೆಯ ಬಾಗಿಲು ತಟ್ಟಿದಾಗ ಅವರ ಕೈಯಲ್ಲಿ ಸುತ್ತಿಗೆಯಿತ್ತು.

"ದ್ವಾರಕನಾಥ್ ಅಂಕಲ್ ಇದ್ದಾರಾ ಪ್ರಣತಿ? ಅವರನ್ನ ಒಂದೇ ಮಾತು ಕೇಳಿ ಹೋಗ್ತೀನಿ. ಪೊಲೀಸ್ ರಿಪೋರ್ಟ್ ಕೊಡ್ಲಾ, ಅಥವಾ ಇದನ್ನ ತಗೊಂಡು ಸುಧೀರ್ ಕಾರಿನ ನಾಲ್ಕೂ ಡೋರ್‌ಗೆ ಬುದ್ಧಿ ಕಲಿಸ್ಲಾ?"

ದ್ವಾರಕನಾಥ್ ಚಹಾದ ಲೋಟ ಕೆಳಗಿಟ್ಟು, ಏನೂ ನಡೆದಿಲ್ಲವೆಂಬಂತೆ ಕೈ ಚಾಚಿದರು. "ಸುತ್ತಿಗೆ ಇಲ್ಲಿ ಕೊಡಿ. ಆಮೇಲೆ ಕೂತ್ಕೊಂಡು ಹೇಳಿ."

ಅವರು ನಿವೃತ್ತಿಗೆ ಮುನ್ನ ವಿಮಾ ಕಂಪನಿಗಳ ಪರವಾಗಿ ಅಪಘಾತಕ್ಕೀಡಾದ ವಾಹನಗಳನ್ನು ಪರೀಕ್ಷಿಸುತ್ತಿದ್ದವರು. ಸೆರಂಗೂನಿನ ನಮ್ಮ ಕಾಂಡೋ ವಸತಿ ಸಮುಚ್ಚಯದಲ್ಲಿ ಕಳೆದುಹೋದ ಪಾರ್ಸೆಲ್‌ನಿಂದ ಹಿಡಿದು ಮುರಿದ ಮದುವೆ ಮಾತುಕತೆಯವರೆಗೆ ಯಾವ ಒಗಟು ಎದುರಾದರೂ ಕನ್ನಡದವರು ಅವರ ಬಳಿಗೇ ಬರುತ್ತಿದ್ದರು. ನಾನು ರಸಾಯನಶಾಸ್ತ್ರದ ಪದವೀಧರೆ, ಅವರ ಮನೆಯ ಒಂದು ಕೋಣೆಯ ಬಾಡಿಗೆದಾರಳು. ಇಂತಹ ಕೆಲಸಗಳಲ್ಲಿ ಅವರ ಜೊತೆಗಾರ್ತಿಯೂ ಆಗಿದ್ದೆ.

ಗಿರಿಧರ್ ಹೇಳಿದ್ದು ಇಷ್ಟು. ಅವರ ಬಿಳಿ ಕಾರಿನ ಚಾಲಕನ ಬಾಗಿಲಿಗೆ ರಾತ್ರೋರಾತ್ರಿ ಮೂರು ನೆಗ್ಗು ಬಿದ್ದಿದ್ದವು. ಮೂರರಲ್ಲೂ ಕೆಂಪು ಬಣ್ಣ ಮೆತ್ತಿತ್ತು. ಆ ಬದಿಯಲ್ಲಿ ನಿಲ್ಲುವುದು ಸುಧೀರ್ ಅವರ ಕೆಂಪು ಕಾರು.

"ಇವತ್ತು ಸಂಜೆ ರಿಪೋರ್ಟ್ ಕೊಡ್ತೀನಿ ಅಂಕಲ್. ಈ ದೇಶದಲ್ಲಿ ಕೆಲಸ ಮಾಡೋಕೆ ಬೇಕಾದ ಅವನ ವರ್ಕ್ ಪಾಸ್ ರಿನ್ಯೂವಲ್‌ಗೆ ಹೋಗಿದೆಯಂತೆ. ಪೊಲೀಸ್ ಕೇಸ್ ಇದ್ರೆ ಹೇಗೆ ರಿನ್ಯೂ ಆಗುತ್ತೋ ನೋಡೋಣ. ಊರಿಗೆ ಪ್ಯಾಕ್ ಮಾಡಿಸ್ತೀನಿ."

"ಸಂಜೆ ತನಕ ಟೈಮ್ ಇದೆಯಲ್ಲ," ಎಂದರು ದ್ವಾರಕನಾಥ್. "ಪ್ರಣತಿ, ನಿನ್ನ ನೇಲ್ ಪಾಲಿಶ್ ರಿಮೂವರ್ ತಗೋ. ಹತ್ತೀನೂ ಇರ್ಲಿ."

ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಪ್ರತಿ ಮನೆಗೂ ನಿಗದಿತ ಜಾಗವಿತ್ತು. ಗೋಡೆಗೆ ಮುಖ ಮಾಡಿ ಮೂರು ಕಾರುಗಳು ಸಾಲಾಗಿ ನಿಂತಿದ್ದವು: ಎಡಕ್ಕೆ ಅಜಯ್ ಅವರದು, ನಡುವೆ ಗಿರಿಧರ್ ಅವರದು, ಬಲಕ್ಕೆ ಸುಧೀರ್ ಅವರದು. ಅಜಯ್ ಮತ್ತು ಸುಧೀರ್ ಒಂದೇ ವಾರದಲ್ಲಿ ಒಂದೇ ಮಾದರಿಯ, ಒಂದೇ ಕೆಂಪು ಬಣ್ಣದ ಕಾರುಗಳನ್ನು ಕೊಂಡಿದ್ದರು. ಆಗ ಅವರಿಬ್ಬರೂ ಸ್ನೇಹಿತರಾಗಿದ್ದರು.

ಆ ಸ್ನೇಹ ಮುರಿದದ್ದೂ ಈ ಬಿಳಿ ಕಾರಿನಿಂದಲೇ. ಹಿಂದಿನ ವರ್ಷ ಅದರ ಎಡಬದಿಯ ಹಿಂದಿನ ಬಾಗಿಲು ನೆಗ್ಗಿದಾಗ, ಗಿರಿಧರ್ ಅದು ಅಜಯ್ ಮತ್ತು ಅವರ ಪತ್ನಿ ದೀಕ್ಷಿತಾ ಮಾಡಿದ್ದೆಂದು ಇಬ್ಬರ ಚಿತ್ರಸಮೇತ ಕಾಂಡೋದ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದರು. ತಾನೂ ನೋಡಿದೆನೆಂದು ಸುಧೀರ್ ದನಿಗೂಡಿಸಿದ್ದರು. ದೀಕ್ಷಿತಾ ಭಾನುವಾರಗಳಂದು ನಡೆಸುತ್ತಿದ್ದ ಕನ್ನಡ ತರಗತಿಗೆ ಮಕ್ಕಳು ಬರುವುದು ನಿಂತುಹೋಯಿತು. ಗಿರಿಧರ್ ಆ ನೆಗ್ಗನ್ನು ಸರಿಪಡಿಸದೆ ಸಾಕ್ಷಿಯೆಂದು ಹಾಗೇ ಉಳಿಸಿಕೊಂಡರು. ಬಾಗಿಲಿನ ಅಂಚುಗಳಿಗೆ ರಬ್ಬರ್ ಪಟ್ಟಿ ಅಂಟಿಸಿದರು. ಕಾರು ನಿಲ್ಲಿಸಿದಾಗಲೆಲ್ಲ ಎರಡೂ ಬದಿಗೆ ಅಯಸ್ಕಾಂತವಿರುವ ದಪ್ಪ ಫೋಮ್ ಪ್ಯಾಡ್ ತೂಗುಹಾಕತೊಡಗಿದರು.

"ಪ್ಯಾಡ್ ಇದ್ದೂ ಹೀಗಾಯ್ತಾ?" ಎಂದು ನಾನು ಕೇಳಿದೆ.

"ನಿನ್ನೆ ಆಯುಧಪೂಜೆ ಅಲ್ವಾ? ಪುಷ್ಪಾವತಿ ಆಂಟಿ ತೆಗೆಸಿಬಿಟ್ರು."

ಸುಧೀರ್ ಅವರ ತಾಯಿ ಪುಷ್ಪಾವತಿಯವರು ಉಡುಪಿಯಿಂದ ಬಂದಿದ್ದರು. ಹಿಂದಿನ ಸಂಜೆ ಮೂರೂ ಕಾರುಗಳಿಗೆ ಅವರೇ ಪೂಜೆ ಮಾಡಿದ್ದರು; ಹಬ್ಬವೆಂಬ ಮುಲಾಜಿಗೆ ಅಜಯ್ ಕೂಡ ನಿಂತು ಕೈಮುಗಿದಿದ್ದರು. ಈಗ ಪುಷ್ಪಾವತಿಯವರು ಆರತಿ ತಟ್ಟೆ ಹಿಡಿದು, ಮಗನ ಜೊತೆ ಅವರ ಕಾರಿನ ಪಕ್ಕ ನಿಂತಿದ್ದರು.

"ದೇವರ ಕುಂಕುಮದ ಮೇಲೆ ಹಾಸಿಗೆಯ ಹಾಗಿದ್ದದ್ದು ಹೊದಿಸುವುದಾ? ನಾನೇ ತೆಗೆಯಿರಿ ಅಂದೆ," ಎಂದರು ಅವರು. "ಮೂರೂ ಗಾಡಿಯ ಬಾಗಿಲ ಸಂದಿಗೆ ನನ್ನ ಕೈಯಾರೆ ಗಂಧದ ಗೆರೆ ಎಳೆದದ್ದು. ಬೆಳಿಗ್ಗೆ ಆರತಿ ಆಗುವ ತನಕ ಗಾಡಿ ಮುಟ್ಟಬಾರದು. ಕುಂಕುಮ ತಾನಾಗಿ ಹೋಗುವ ತನಕ ಒರೆಸಬಾರದು. ಇಷ್ಟೇ ಹೇಳಿದ್ದು ಮಾರಾಯರೇ. ಅದಕ್ಕೆ ನನ್ನ ಮಗ ಕಳ್ಳನಾ?"

ಸುಧೀರ್ ಜುರಾಂಗ್ ಐಲ್ಯಾಂಡ್‌ನ ಕೆಲಸಕ್ಕೆ ಕಂಪನಿಯ ಬಸ್ಸಿನಲ್ಲಿ ಹೋಗಿಬರುತ್ತಿದ್ದರು; ಅವರ ಕಾರು ವಾರವಿಡೀ ನಿಂತೇ ಇರುತ್ತಿತ್ತು. "ಅಂಕಲ್, ಪಾಸ್ ಹೋದ್ರೆ ಮಗಳ ಸ್ಕೂಲು, ಮನೆ, ಎಲ್ಲಾ ಹೋಯ್ತು," ಎಂದಷ್ಟೇ ಹೇಳಿದರು.

ದ್ವಾರಕನಾಥ್ ಬಿಳಿ ಕಾರಿನ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಒಂದು ನೆಗ್ಗು ಮೊಣಕಾಲಿನ ಎತ್ತರದಲ್ಲಿತ್ತು, ಇನ್ನೊಂದು ಹಿಡಿಯ ಕೆಳಗೆ, ಮೂರನೆಯದು ಕಿಟಕಿಯ ಅಂಚಿನ ಹತ್ತಿರ. ಮೂರೂ ದುಂಡಗಿದ್ದವು. ನಾನು ಹತ್ತಿಯನ್ನು ರಿಮೂವರ್‌ನಲ್ಲಿ ಅದ್ದಿ ಮೊದಲನೆಯ ನೆಗ್ಗಿನ ಅಂಚನ್ನು ಒಂದೇ ಸಲ ಒರೆಸಿದೆ. ಕೆಂಪು ಕರಗಿ ಹತ್ತಿಗೆ ಹಿಡಿಯಿತು. ಸುಧೀರ್ ಅವರ ಅನುಮತಿ ಪಡೆದು ಅವರ ಕಾರಿನ ಬಣ್ಣವನ್ನೂ ಮರೆಯಾದ ಒಂದೆಡೆ ಹಾಗೆಯೇ ಒರೆಸಿದೆ. ಹತ್ತಿ ಬಿಳಿಯಾಗಿಯೇ ಉಳಿಯಿತು.

ಆರತಿಗೆಂದು ಅಜಯ್ ಲಿಫ್ಟ್‌ನಿಂದ ಹೊರಬಂದರು. "ಈ ಸಲ ಯಾರ ಫೋಟೋ ಹಾಕ್ತಾರಂತೆ?" ಎಂದರು.

"ಅಜಯ್, ಪೂಜೆ ಆದ ಮೇಲೆ ನೀವು ಕಾರು ಓಪನ್ ಮಾಡಿದ್ರಾ?" ದ್ವಾರಕನಾಥ್ ತಲೆ ಎತ್ತದೆಯೇ ಕೇಳಿದರು.

"ಮುಟ್ಟೋ ಹಾಗಿಲ್ಲ ಅಂತ ಆಂಟಿ ಹೇಳಿದ್ರಲ್ಲ. ಕೀ ಕೂಡ ಕೈಗೆ ತಗೊಂಡಿಲ್ಲ."

ಸುಧೀರ್ ಅವರ ಉತ್ತರವೂ ಅದೇ ಆಗಿತ್ತು. ದ್ವಾರಕನಾಥ್ ಎದ್ದು ಎರಡೂ ಕೆಂಪು ಕಾರುಗಳನ್ನು ಒಂದೊಂದು ಸುತ್ತು ಹಾಕಿದರು, ನಾನು ಹಿಂಬಾಲಿಸಿದೆ. ಬಾಗಿಲು ಮತ್ತು ಕಾರಿನ ಮೈ ಕೂಡುವ ಸಂದಿಗೆ ಅಡ್ಡಲಾಗಿ ಎಳೆದ ಗಂಧದ ಗೆರೆಗಳು ಒಣಗಿ ಗಟ್ಟಿಯಾಗಿದ್ದವು. ತೇದ ಗಂಧವಾದ್ದರಿಂದ ಬಣ್ಣ ಮಾಸಲು, ಮೇಲ್ಮೈ ತರಿತರಿ. ಅಜಯ್ ಅವರ ಕಾರಿನ ಎಡಬಾಗಿಲಿನ ಗೆರೆಯೊಂದು ಮಾತ್ರ ಉಳಿದವುಗಳಿಗಿಂತ ಹಳದಿಯಾಗಿ, ನುಣುಪಾಗಿ ಕಂಡಿತು. ಬೆಳಕಿನ ವ್ಯತ್ಯಾಸವಿರಬಹುದೆಂದು ನಾನು ಭಾವಿಸಿದೆ.

ಅಷ್ಟರಲ್ಲಿ ಗಿರಿಧರ್ ಅವರ ಪತ್ನಿ ರೇಣುಕಾ ತರಕಾರಿ ತುಂಬಿದ ಟ್ರಾಲಿಯನ್ನು ಎಳೆಯುತ್ತಾ ಬಂದರು. ಟ್ರಾಲಿಯ ಕೆಳಚೌಕಟ್ಟಿನಿಂದ ಮುಂಚಾಚಿದ ಎರಡು ಕಬ್ಬಿಣದ ಮೂಲೆಗಳಿಗೆ, ಕಾರಿನ ಪ್ಯಾಡ್‌ನದೇ ಕಪ್ಪು ಫೋಮನ್ನು ಕತ್ತರಿಸಿ ಬಿಗಿಯಾಗಿ ಸುತ್ತಲಾಗಿತ್ತು. ದ್ವಾರಕನಾಥ್ ಅದನ್ನೊಮ್ಮೆ, ಬಿಳಿ ಕಾರಿನ ಹಿಂದಿನ ವರ್ಷದ ನೆಗ್ಗನ್ನೊಮ್ಮೆ ನೋಡಿದರು.

"ಎಲ್ಲರೂ ಇಲ್ಲೇ ಇದ್ದೀರಿ. ಆರತಿಗೆ ಮುಂಚೆ ಮುಗಿಸಿಬಿಡೋಣ," ಎಂದರು.

ಗಿರಿಧರ್ ಫೋನ್ ಹೊರತೆಗೆದರು. "ರೆಕಾರ್ಡ್ ಮಾಡ್ಕೋತೀನಿ. ರಿಪೋರ್ಟ್‌ಗೆ ಬೇಕಾಗುತ್ತೆ."

"ಮಾಡ್ಕೊಳ್ಳಿ. ಮಧ್ಯದಲ್ಲಿ ಆಫ್ ಮಾತ್ರ ಮಾಡ್ಬೇಡಿ." ದ್ವಾರಕನಾಥ್ ಬಿಳಿ ಬಾಗಿಲಿನತ್ತ ತಿರುಗಿದರು. "ಕಾರಿನ ಬಾಗಿಲು ಪಕ್ಕದ ಕಾರಿಗೆ ಬಡಿದರೆ ಅದರ ಅತ್ಯಂತ ಉಬ್ಬಿದ ಜಾಗವೇ ಮೊದಲು ತಾಗುತ್ತೆ. ಕಾರು ಕದಲದೆ ನಿಂತಿರುವಾಗ ಅದೇ ಬಾಗಿಲು ನೂರು ಸಲ ಬಡಿದರೂ ಎತ್ತರ ಒಂದೇ. ಗುರುತು ಉದ್ದಕ್ಕೆ, ಸಣ್ಣಗೆ ಇರುತ್ತೆ. ಇಲ್ಲಿ ಮೂರು ಎತ್ತರ, ಮೂರೂ ದುಂಡಗೆ. ಯಾರೋ ಯಾವುದೋ ದುಂಡು ತುದಿಯ ವಸ್ತುವಿನಿಂದ ಕುಟ್ಟಿದ್ದಾರೆ."

"ಹಾಗಾದ್ರೆ ಸುಧೀರ್ ಕುಟ್ಟಿದ್ದಾನೆ. ರೆಡ್ ಪೇಂಟ್ ಎಲ್ಲಿಂದ ಬಂತು?" ಎಂದರು ಗಿರಿಧರ್.

"ಪ್ರಣತಿ, ನೀನು ಹೇಳು."

ನಾನು ಹತ್ತಿಯ ಎರಡು ಉಂಡೆಗಳನ್ನು ಮುಂದೆ ಹಿಡಿದೆ. "ಕಾರ್ಖಾನೆಯ ಬಣ್ಣ ಒಲೆಯಲ್ಲಿ ಬೆಂದು ಗಟ್ಟಿಯಾಗಿರುತ್ತೆ, ಈ ರಿಮೂವರ್‌ನಲ್ಲಿರೋ ಅಸಿಟೋನ್‌ನಿಂದ ಒಂದು ಸಲ ಒರೆಸಿದ್ರೆ ಕರಗಲ್ಲ. ನೆಗ್ಗುಗಳಲ್ಲಿರೋದು ಕರಗ್ತು. ಇದು ಗೀರು ಮುಚ್ಚೋಕೆ ಕಾರಿನ ಜೊತೆ ಕೊಡ್ತಾರಲ್ಲ, ಟಚ್‌ಅಪ್ ಪೆನ್, ಅದರ ಬಣ್ಣ. ಬೇಕಂತಲೇ ಹಚ್ಚಿದ್ದಾರೆ."

"ತನ್ನ ತಪ್ಪು ತನ್ನ ಮೇಲೇ ಬರ್ಲಿ ಅಂತ ಸುಧೀರ್ ತನ್ನದೇ ಬಣ್ಣ ಹಚ್ಚಿಟ್ಟು ಹೋಗ್ತಾರಾ?" ದ್ವಾರಕನಾಥ್ ಮುಂದುವರಿಸಿದರು. "ಈ ಕೆಂಪು ಪೆನ್ ಇಲ್ಲಿ ಇಬ್ಬರ ಹತ್ತಿರ ಇರಬಹುದು. ಸುಧೀರ್, ನಿಮ್ಮ ಪೆನ್ ಎಲ್ಲಿಟ್ಟಿದ್ದೀರಿ?"

"ಡ್ಯಾಶ್‌ಬೋರ್ಡ್ ಡ್ರಾಯರ್‌ನಲ್ಲಿ ಅಂಕಲ್. ಡೀಲರ್ ಇಟ್ಟುಕೊಟ್ಟಿದ್ದು, ತೆಗೆದೇ ಇಲ್ಲ."

"ಪುಷ್ಪಾವತಿಯವರೇ, ನಿಮ್ಮ ಗಂಧದ ಗೆರೆ ನೋಡಿ ಹೇಳಿ. ಮಗ ರಾತ್ರಿ ಬಾಗಿಲು ತೆಗೆದಿದ್ದಾರಾ?"

ಅವರು ತಟ್ಟೆಯನ್ನು ನನ್ನ ಕೈಗಿತ್ತು ಮಗನ ಕಾರಿನ ಬಾಗಿಲುಗಳನ್ನೆಲ್ಲ ಸುತ್ತಿ ನೋಡಿದರು. "ಇಲ್ಲ. ತೆಗೆದಿದ್ದರೆ ಸಂದಿಯಲ್ಲಿ ಬಿರುಕು ಬೀಳಬೇಕಿತ್ತಲ್ಲ. ಎಲ್ಲ ಹಾಗೇ ಉಂಟು."

"ಈಗ ಅಜಯ್ ಕಾರು."

ಎಡಬಾಗಿಲ ಬಳಿ ಅವರು ನಿಂತರು. ಬಗ್ಗಿ ಮೂಸಿ ನೋಡಿದರು. ಮುಖ ಗಂಟಿಕ್ಕಿತು. "ಇದೆಂತದು? ಇದು ನಾನು ತೇದ ಗಂಧ ಅಲ್ಲ. ಡಬ್ಬಿಯದ್ದು, ಸೆಂಟ್ ಹಾಕಿದ್ದು. ನನ್ನ ಗೆರೆ ಉಂಗುರ ಬೆರಳಿನದ್ದು, ಸಪೂರ. ಇದು ಹೆಬ್ಬೆಟ್ಟಿನಷ್ಟು ದಪ್ಪ."

ಅಜಯ್ ಗೋಡೆಗೆ ಒರಗಿ ಕೈಕಟ್ಟಿಕೊಂಡರು.

"ಪೂಜೆಗೆ ಅಂತ ಪ್ಯಾಡ್ ತೆಗೆಸಿದ್ದನ್ನ ನೀವು ಕಣ್ಣಾರೆ ಕಂಡಿರಿ," ಎಂದು ದ್ವಾರಕನಾಥ್ ಅವರನ್ನೇ ನೋಡುತ್ತಾ ಹೇಳಿದರು. "ವರ್ಷದಲ್ಲಿ ಒಂದೇ ರಾತ್ರಿ ಆ ಬಾಗಿಲು ಬರಿದಾಗಿರುತ್ತೆ. ಕುಟ್ಟಿದಿರಿ. ಪೆನ್ ನಿಮ್ಮ ಕಾರಿನ ಡ್ರಾಯರ್‌ನಲ್ಲಿತ್ತು, ಎಡಬಾಗಿಲು ತೆಗೆದಿರಿ. ಗಂಧ ಒಡೆಯಿತು. ಬೆಳಿಗ್ಗೆ ಆರತಿಗೆ ಬಂದು ಆಂಟಿ ನೋಡ್ತಾರೆ ಅಂತ ಮನೆಯ ಗಂಧ ತಂದು ಮೆತ್ತಿದಿರಿ. ಒಡೆದ ಹಾಗೇ ಬಿಟ್ಟಿದ್ರೆ ಏನಾದರೂ ನೆಪ ಹೇಳಬಹುದಿತ್ತು. ಮೆತ್ತಿದ ಮೇಲೆ ನೆಪ ಉಳಿಯಲಿಲ್ಲ."

"ಬ್ಯಾಟ್ ಹಿಡಿಯಿಂದ ಕುಟ್ಟಿದೆ," ಎಂದರು ಅಜಯ್. ದನಿಯಲ್ಲಿ ಅಳುಕಿರಲಿಲ್ಲ. "ಒಂದು ಏಟು ನನ್ನ ಫೋಟೋಗೆ. ಒಂದು ದೀಕ್ಷಿತಾ ಫೋಟೋಗೆ. ಒಂದು ಅವಳ ಕ್ಲಾಸಿಗೆ. ಮಕ್ಕಳು ಬರ್ತಾರೇನೋ ಅಂತ ಎಷ್ಟು ಭಾನುವಾರ ಬೋರ್ಡ್ ಒರೆಸಿಟ್ಟು ಕಾದ್ಲು ಗೊತ್ತಾ ನಿಮಗೆ?"

"ನಾನೇನು ಮಾಡಿದ್ದೆ ನಿಂಗೆ? ನನ್ನ ಪಾಸ್ ಹೋಗಿದ್ರೆ?" ಎಂದರು ಸುಧೀರ್.

"ಹೋಗ್ಲಿ ಅಂತಲೇ ನಿನ್ನ ಬಣ್ಣ ಹಚ್ಚಿದ್ದು. ನೋಡಿದೆ ಅಂದ್ಯಲ್ಲ ಅವತ್ತು. ಏನು ನೋಡಿದ್ದೆ? ಈಗ ಹೇಳು."

ಸುಧೀರ್ ತಲೆ ತಗ್ಗಿಸಿದರು. "ನೀವಿಬ್ಬರೂ ಕಾರಿನ ಹತ್ರ ನಿಂತಿದ್ದನ್ನ ನೋಡಿದ್ದೆ. ಅಷ್ಟೇ."

ಗಿರಿಧರ್ ಫೋನನ್ನು ಅಜಯ್ ಅವರ ಮುಖಕ್ಕೆ ಹಿಡಿದರು. "ಎಲ್ಲಾ ರೆಕಾರ್ಡ್ ಆಗಿದೆ. ಸಂಜೆ ಯಾಕೆ, ಈಗಲೇ ಹೋಗ್ತೀನಿ. ಹೋದ ವರ್ಷದ್ದೂ ಸೇರಿಸಿ ಬರೆಸ್ತೀನಿ."

"ಹೋದ ವರ್ಷದ್ದು ಬರೆಸೋ ಮುಂಚೆ ಇಲ್ಲಿ ಬನ್ನಿ," ಎಂದರು ದ್ವಾರಕನಾಥ್. ಅವರು ಹಳೆಯ ಗುರುತಿನ ಮುಂದೆ ನಿಂತಿದ್ದರು. "ಒಂದು ವರ್ಷ ಸಾಕ್ಷಿ ಅಂತ ಇಟ್ಟುಕೊಂಡಿರಿ, ಒಂದು ದಿನವೂ ಸರಿಯಾಗಿ ನೋಡಲಿಲ್ಲ. ಇದು ಒಂದು ನೆಗ್ಗಲ್ಲ, ಅಕ್ಕಪಕ್ಕ ಎರಡು. ಬಾಗಿಲಿನ ತಳದ ಅಂಚಿಗೆ ಹತ್ತಿರ. ಅಷ್ಟು ಕೆಳಗೆ ಯಾವ ಕಾರಿನ ಬಾಗಿಲೂ ಉಬ್ಬಿರಲ್ಲ. ಜೋಡಿ ಮೂಲೆ ಇರೋ, ನೆಲಕ್ಕೆ ಹತ್ತಿರ ಉರುಳೋ ಯಾವುದೋ ಒಂದು ತಾಗಿದೆ."

ನನ್ನ ಕಣ್ಣು ತಾನಾಗಿ ಫೋಮ್ ಸುತ್ತಿದ ಆ ಮೂಲೆಗಳ ಮೇಲೆ ಬಿತ್ತು. ಗಿರಿಧರ್ ಅವರ ದೃಷ್ಟಿಯೂ ಅಲ್ಲಿಗೇ ಬಂತು.

ರೇಣುಕಾ ಟ್ರಾಲಿಯನ್ನು ತಾವಾಗಿಯೇ ಮುಂದೆ ಉರುಳಿಸಿದರು. ಫೋಮ್ ಬಿಚ್ಚಿ ಕಬ್ಬಿಣದ ಮೂಲೆಗಳನ್ನು ನೆಗ್ಗುಗಳಿಗೆ ತಾಗಿಸಿದರು. ಎರಡೂ ಸರಿಯಾಗಿ ಕೂತವು.

"ಯಾಕೆ ಹೇಳ್ಲಿಲ್ಲ ನಂಗೆ?" ಎಂದರು ಗಿರಿಧರ್.

"ಮಾರ್ಕೆಟ್‌ಗೆ ಹೋಗುವಾಗ ಟ್ರಾಲಿ ತಾಗಿತ್ತು. ವಾಪಸ್ ಬಂದು ಹೇಳ್ಬೇಕು ಅಂತಲೇ ಮೇಲೆ ಬಂದೆ. ನೀವು ಆಗ್ಲೇ ಪಾರ್ಕಿಂಗ್‌ನಲ್ಲಿ ಒಂದು ಸಿಸಿಟಿವಿ ಕೂಡ ಇಲ್ಲ, ಮಾಡಿದವರ ಮರ್ಯಾದೆ ಕಳೀಬೇಕು ಅಂತ ಕೂಗ್ತಿದ್ರಿ. ಹೆದರಿದೆ. ಹತ್ತು ನಿಮಿಷದಲ್ಲಿ ದೀಕ್ಷಿತಾ ಫೋಟೋ ಗುಂಪಿನಲ್ಲಿತ್ತು. ಆಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ."

"ರಿಪೋರ್ಟ್ ಕೊಡಿ," ಎಂದರು ಅಜಯ್. "ನಾನೇ ಮಾಡಿದ್ದು ಅಂತ ಸೈನ್ ಹಾಕ್ತೀನಿ. ಆದ್ರೆ ಇದನ್ನೂ ಬರೆಸಿ. ನನಗೆ ಸಾರಿ ಬೇಡ. ಎಲ್ಲಿ ಅವಳ ಹೆಸರು ಹಾಕಿದ್ರೋ ಅಲ್ಲೇ ನಿಮ್ಮ ಮನೆ ಹೆಸರು ಬರ್ಬೇಕು."

ಗಿರಿಧರ್ ಅವರ ಹೆಬ್ಬೆರಳು ಫೋನಿನ ಮೇಲೆ ಹಾಗೇ ನಿಂತಿತ್ತು. ಅವರು ನಿರ್ಧರಿಸುವ ಮೊದಲೇ ಪರದೆಯ ಮೇಲೆ ಸಂದೇಶ ಮೂಡಿತು. ರೇಣುಕಾ ತಮ್ಮ ಫೋನಿನಿಂದ ಗುಂಪಿಗೆ ಬರೆದಿದ್ದರು: ಕಳೆದ ವರ್ಷ ನಮ್ಮ ಕಾರಿಗೆ ತಾಗಿಸಿದ್ದು ನಾನು. ದೀಕ್ಷಿತಾ ಅಲ್ಲ, ಅಜಯ್ ಅಲ್ಲ. ಜೊತೆಗೆ ಟ್ರಾಲಿಯ ಚಿತ್ರವಿತ್ತು. ಚಿತ್ರದ ಅಂಚಿನಲ್ಲಿ ಗಿರಿಧರ್ ಅವರ ಮುಖವೂ ಬಿದ್ದಿತ್ತು.

ಅಜಯ್ ಅದನ್ನು ಎರಡು ಸಲ ಓದಿ ಫೋನನ್ನು ಜೇಬಿಗಿಳಿಸಿದರು. ಸುಧೀರ್ ಅವರತ್ತ ತಿರುಗಿಯೂ ನೋಡದೆ ಲಿಫ್ಟ್ ಹತ್ತಿದರು. ಅವರ ಮುಖದಲ್ಲಿ ಪಶ್ಚಾತ್ತಾಪವನ್ನು ನಾನು ಹುಡುಕಿದೆ, ಕಾಣಲಿಲ್ಲ. ಆ ಸಂಜೆ ಯಾವ ರಿಪೋರ್ಟೂ ದಾಖಲಾಗಲಿಲ್ಲ. ಸುಧೀರ್ ಅವರ ಪಾಸ್ ಮುಂದಿನ ತಿಂಗಳು ನವೀಕರಣವಾಯಿತು.

ಆದರೆ ಅದಕ್ಕೂ ಮೊದಲು, ಆ ಬೆಳಿಗ್ಗೆ, ಆರತಿ ಮುಗಿದ ಮೇಲೆ ನಡೆದದ್ದನ್ನು ಹೇಳಬೇಕು. ಗಿರಿಧರ್ ಡೆಂಟ್ ತೆಗೆಯುವವನಿಗೆ ಫೋನ್ ಮಾಡುತ್ತಿದ್ದರು, "ಐದನ್ನೂ ಇವತ್ತೇ ತೆಗೀಬೇಕು," ಎಂದು. ರೇಣುಕಾ ಪುಷ್ಪಾವತಿಯವರ ತಟ್ಟೆಯಿಂದ ಕುಂಕುಮವನ್ನು ತೆಗೆದುಕೊಂಡರು. ಬಲಬಾಗಿಲಿನ ಮೂರು ನೆಗ್ಗುಗಳಿಗೆ ಒಂದೊಂದಾಗಿ ತುಂಬಿದರು. ಆಮೇಲೆ ಎಡಕ್ಕೆ ಬಂದು ನೆಲದ ಮೇಲೆ ಕುಳಿತು ತಾವೇ ಮಾಡಿದ ಎರಡು ನೆಗ್ಗುಗಳಿಗೂ ತುಂಬಿದರು. ಬಿಳಿ ಬಣ್ಣದ ಮೇಲೆ ಅವು ದೂರಕ್ಕೂ ಎದ್ದು ಕಾಣುತ್ತಿದ್ದವು.

"ಏನು ಮಾಡ್ತಿದ್ದೀಯ ನೀನು?" ಎಂದರು ಗಿರಿಧರ್.

ರೇಣುಕಾ ಕೈ ಒರೆಸಿಕೊಂಡು ಎದ್ದರು. "ಫೋನ್ ಇಡಿ. ಕುಂಕುಮ ತಾನಾಗಿ ಹೋಗೋ ತನಕ ಮುಟ್ಟಬಾರದಂತೆ."