ಉಣ್ಣಿ ಔಷಧಿಯ ಸ್ನಾನ

ಇದು ನಡೆದದ್ದೇ. ಸುಳ್ಳಾದರೆ ನನ್ನ ಬಾಯಿಗೆ ಹುಳ ಬೀಳಲಿ.

ಬೆಳಗ್ಗೆ ಮರಗೆಲಸದ ಮುದುಕ ಬಾಗಿಲು ತೆಗೆದರೆ, ಕರುವಿನಷ್ಟು ಎತ್ತರದ ಅವನ ನಾಯಿ ‘ದೊರೆ’ ಅಂಗಳದಲ್ಲಿ ಬಿದ್ದು ನಡುಗುತ್ತಿತ್ತು. ಮೈ ಕಾದ ಕಾವಲಿ. ಅದು ಬೊಗಳಿದರೆ ಮೂರು ಬೀದಿಯಾಚೆ ಕಿಟಕಿ ಗಾಜು ಒಡೆಯುತ್ತಿತ್ತು. ಅವತ್ತು ಕುಂಯ್ ಅನ್ನಲೂ ತ್ರಾಣವಿಲ್ಲ.

ಪ್ರಾಣಿ ಆಸ್ಪತ್ರೆಯಲ್ಲಿ ಮುದುಕನ ಮಗಳು ಕಾಂಪೌಂಡರಮ್ಮನ ಮೇಲೆ ಹರಿಹಾಯ್ದಳು.

“ನಾಯಿ ಕಚ್ಚೋದು ನಿಲ್ಲಿಸೋಕೆ ಮಾತ್ರೆ ಕೇಳಿದ್ರೆ ಉಸಿರೇ ನಿಲ್ಲಿಸ್ತಿದೀಯಲ್ಲೇ!”

ಡಾಕ್ಟರ್ ತಲೆ ಎತ್ತಲಿಲ್ಲ. “ಎಣಿಸಿ ಕೊಟ್ಟಿದ್ದು ನೀನೇ. ತಪ್ಪಾಗಿದ್ರೆ ನಾಳೆಯಿಂದ ಬರಬೇಡ.”

ಹದಿನೆಂಟು ವರ್ಷದ ಕೆಲಸ. ಕಾಂಪೌಂಡರಮ್ಮ ಪೊಟ್ಟಣದಲ್ಲಿ ಉಳಿದ ಮಾತ್ರೆ ಎಣಿಸಿದಳು. ಲೆಕ್ಕ ಸರಿಯಿತ್ತು.

*

ಅವಳು ನೇರ ಮುದುಕನ ಪಕ್ಕದ ಮನೆಯ ದರ್ಜಿಯ ಹತ್ತಿರ ಹೋಗಿ ಕೇಳಿದಳು.

“ನಾಯಿಗೆ ವಿಷ ಹಾಕ್ತೀನಿ ಅಂದಿದ್ಯಂತೆ?”

“ದಿನಾ ಅಂತೀನಿ,” ದರ್ಜಿ ಸೂಜಿ ಕಚ್ಚಿಕೊಂಡೇ ಗುರುಗುಟ್ಟಿದ. “ಹಾಕೋನು ಊರಿಗೆಲ್ಲ ಡಂಗುರ ಹೊಡೀತಾನಾ? ಹೋಗಮ್ಮ!”

ಮಾತು ಒರಟು, ಆದರೆ ನ್ಯಾಯ. ವಿಷ ತಿಂದ ನಾಯಿ ವಾಂತಿ ಮಾಡಬೇಕು, ದೊರೆ ಮಾಡಿರಲಿಲ್ಲ.

ಆಸ್ಪತ್ರೆಗೆ ವಾಪಸ್ ಬಂದು ನಾಯಿಯ ಬೆನ್ನಿಗೆ ಮೂಗು ಹಚ್ಚಿದಳು. ಘಾಟು. ಕೂದಲು ಅಂಟಂಟು. ಮೂತಿಯ ಸುತ್ತ ಹಗ್ಗ ಬಿಗಿದ ಕೆಂಪು ಗೆರೆ.

“ಡಾಕ್ಟ್ರೇ, ಉಣ್ಣಿ ಔಷಧಿ! ಮೊದಲು ಸೋಪು ಹಚ್ಚಿ ತೊಳೀರಿ!”

*

“ಇದಕ್ಕೆ ಸ್ನಾನ ಮಾಡಿಸಿದ್ದು ಯಾರು?” ಕಾಂಪೌಂಡರಮ್ಮ ಮನೆಯವರನ್ನೆಲ್ಲ ಕೂರಿಸಿ ಕೇಳಿದಳು.

“ನಮ್ಮ ಅಳಿಯ, ನಿನ್ನೆ ಸಂಜೆ,” ಎಂದ ಮುದುಕ. “ಮೂರು ವರ್ಷದಲ್ಲಿ ಮೊದಲ್ನೇ ಸಲ ಪ್ರೀತಿ ಉಕ್ಕಿತ್ತು.”

“ಬರೀ ಮಾತ್ರೆ ಆದ್ರೆ ಒಳ್ಳೇದು. ಬರೀ ಉಣ್ಣಿ ಔಷಧಿ ಆದ್ರೂ ಸರಿ. ಎರಡೂ ಸೇರಿದ್ರೆ ಮೈಯೆಲ್ಲಾ ಬೆಂಕಿ, ನಡುಕ, ಆಮೇಲೆ ಸಾವು.”

“ನನಗೇನು ಗೊತ್ತು?” ಅಳಿಯ ಗದರಿದ. “ಮೈತುಂಬಾ ಉಣ್ಣಿ ಇತ್ತು, ತೊಳೆದೆ.”

“ಒಂದು ತೋರಿಸಿ ನೋಡೋಣ.” ಅವಳು ಕಿವಿ, ಬಗಲು, ಬೆರಳ ಸಂದಿ ಎಲ್ಲ ಬಿಡಿಸಿದಳು. ಒಂದು ಉಣ್ಣಿಯೂ ಇರಲಿಲ್ಲ, ಕಚ್ಚಿದ ಗುರುತೂ ಇರಲಿಲ್ಲ.

“ಈ ಮಾತ್ರೆ ಒಯ್ಯೋರು ಎಚ್ಚರಿಕೆ ಬಾಯಿಬಿಟ್ಟು ಒಪ್ಪಿಸಬೇಕು, ಸಹಿ ಹಾಕಬೇಕು. ಇಲ್ದಿದ್ರೆ ನಾನು ಪೊಟ್ಟಣ ಕೊಡಲ್ಲ. ಸೋಮವಾರ ಬಂದೋರು ನೀವೇ. ‘ಉಣ್ಣಿ ಔಷಧಿ ಹಚ್ಚಬಾರದು’ ಅಂತ ಗಿಣಿ ಹಾಗೆ ಒಪ್ಪಿಸಿದ್ರಿ. ಹಚ್ಚಿದ್ರೆ ಎಷ್ಟು ಹೊತ್ತಿಗೆ ಸಾಯುತ್ತೆ ಅಂತಾನೂ ಕೇಳಿದ್ರಿ. ಭಯಕ್ಕೆ ಕೇಳ್ತಿದಾರೆ ಅಂದ್ಕೊಂಡೆ ನಾನು, ಪೆದ್ದಿ!” ಅವಳು ಸಹಿಯ ಪುಸ್ತಕ ಮೇಜಿಗೆ ಕುಕ್ಕಿದಳು.

ಅಳಿಯನ ಮುಖ ಸುಟ್ಟ ಬದನೆಕಾಯಿ. “ಅದು ನನ್ನ ಮೂರು ಸಲ ಕಚ್ಚಿದೆ! ಒಬ್ಬರು ಮನೆ ಬಿಡಬೇಕಾದ್ರೆ ನೀನೇ ಬಿಡು, ನಾಯಿ ಬಿಡಲ್ಲ ಅಂದ್ರು ಮಾವ!”

“ಈಗಲೂ ಅದೇ ಅಂತೀನಿ,” ಎಂದ ಮುದುಕ. “ಬಿಡು.”

ಮಗಳು ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಡಾಕ್ಟರ್ ಒದ್ದೆ ಕೈಯಲ್ಲೇ ಕಾಂಪೌಂಡರಮ್ಮನಿಗೆ ಹೇಳಿದರು: “ನಾಳೆ ಬೇಗ ಬಾ.”

ಮೂರನೇ ದಿನ ದೊರೆ ಎದ್ದು ನಿಂತು ಮೊದಲು ಡಾಕ್ಟರನ್ನೇ ಕಚ್ಚಿತು. ಈಗಲೂ ಗಟ್ಟಿಮುಟ್ಟಾಗಿದೆ. ಅದಕ್ಕೆ ಮಾತ್ರೆ ನುಂಗಿಸಲು ದಿನಕ್ಕೊಬ್ಬ ಗಂಡಾಳು ಬೇಕು. ಪುಕ್ಕಟೆ ಕಥೆ ಕೇಳಿದಿರಲ್ಲ, ಏಳಿ, ಅಂಗಿ ತೋಳು ಮಡಚಿ. ಇವತ್ತಿನ ಸರದಿ ನಿಮ್ಮದು.