ತಿರುಗುವ ಶಾಫ್ಟಿನ ಸಿಂಧೂರ

1997ರ ಸೆಪ್ಟೆಂಬರ್ 18, ಗುರುವಾರ. ದಾಮೋದರದ ದಂಡೆಯ ರಾಣಿಡಾಂಗಾ ಠಾಣೆಗೆ ಹಿಂದಿನ ದಿನದ ವಿಶ್ವಕರ್ಮ ಪೂಜೆಯ ಗುಂಗು ಇನ್ನೂ ಇಳಿದಿರಲಿಲ್ಲ. ಜೀಪಿನ ಮೂತಿಗೆ ಬಾಡಿದ ಚೆಂಡುಹೂವಿನ ಹಾರ, ನಾಲ್ಕು ಚಕ್ರಗಳಿಗೂ ಸಿಂಧೂರದ ಬೊಟ್ಟು, ಹೊರಗಿನ ಬೇವಿನ ಮರದಲ್ಲಿ ಹರಿದ ಗಾಳಿಪಟ. ಊರಿನವರು ಬೊಡೊಬಾಬು, ಅಂದರೆ ದೊಡ್ಡ ಸಾಹೇಬ, ಎನ್ನುವ ಇನ್‌ಸ್ಪೆಕ್ಟರ್ ತಾರಾಪದ ಲಾಯೆಕ್ ಚಹಾದ ಮಣ್ಣಿನ ಕುಡಿಕೆಯನ್ನು ತುಟಿಗಿಡುವಷ್ಟರಲ್ಲಿ ಒಬ್ಬ ಹೆಂಗಸು ಬಂದು, ಕೂರಿ ಎಂದರೂ ಕೂರದೆ, ಮೇಜಿನ ಮೇಲೆ ಒಂದು ತಾಯಿತ ಇಟ್ಟಳು. ಬೆಳ್ಳಿಯದೇ, ಆದರೆ ಬಾಣಲೆಯ ತಳದಂತೆ ಕಪ್ಪಾಗಿತ್ತು.

"ನಾನು ಶೆಫಾಲಿ ಬಾವುರಿ. ನನ್ನ ಗಂಡ ಹರಾಧನ ಕೋಕ್ ಕಾರ್ಖಾನೆಲಿ ಗ್ಯಾಸ್ ತೊಳೆಯೋ ಗೋಪುರದ ಆಪರೇಟರು. ನಿನ್ನೆ ಅಲ್ಲೇ ಬಿದ್ದು ಸತ್ರು. ಕುಡಿದು ಬಿದ್ದ, ಎದೆ ನಿಂತುಹೋಯ್ತು ಅಂತ ಕಂಪನಿ ಡಾಕ್ಟರು ಬರೆದಿದಾರೆ, ಬೊಡೊಬಾಬು. ಅವರು ಕುಡಿತ ಬಿಟ್ಟು ಹನ್ನೊಂದು ವರ್ಷ ಆಯ್ತು."

"ಮೈಮೇಲೆ ಹೆಂಡದ ವಾಸನೆ ಇತ್ತಾ?"

"ಅಂಗಿಲಿ ಇತ್ತು. ಬಾಯಲ್ಲಿ ಇರ್ಲಿಲ್ಲ. ನಾನೇ ಮೂಸಿ ನೋಡಿದೀನಿ."

"ಈ ತಾಯಿತ?"

"ನಿನ್ನೆ ಹಬ್ಬ ಅಂತ ಬೆಳಿಗ್ಗೆ ಹುಣಸೆಹಣ್ಣು ಹಾಕಿ ಉಜ್ಜಿ ನಾನೇ ಕೊರಳಿಗೆ ಕಟ್ಟಿದ್ದೆ. ಫಳಫಳ ಅಂತಿತ್ತು. ಆಸ್ಪತ್ರೇಲಿ ಬಿಚ್ಚಿ ಕೊಟ್ಟಾಗ ಹೀಗಿತ್ತು."

"ನಿಮಗೇನು ಆಗಬೇಕು ಹೇಳಿ."

"ಹೋದವರು ಬರಲ್ಲ. ಆದ್ರೆ ಕುಡುಕ ಅನ್ನೋ ಹೆಸರಲ್ಲಿ ಅವರನ್ನ ಸುಡೋದು ಬೇಡ."

ದಹನಕ್ಕೆ ಹತ್ತು ಗಂಟೆ ನಿಗದಿಯಾಗಿತ್ತು. ಲಾಯೆಕ್ ಕೂಡಲೇ ಎಫ್‌ಐಆರ್ ಬರೆಸಿದ, ತಾಯಿತವನ್ನು ವಶಕ್ಕೆ ಪಡೆದು ಮೊಹರು ಮಾಡಿಸಿದ, ಹೆಣವನ್ನು ಮರಣೋತ್ತರ ಪರೀಕ್ಷೆಗೆಂದು ಸರ್ಕಾರಿ ಆಸ್ಪತ್ರೆಗೆ ಕಳಿಸಿದ. ಕಂಪನಿಯಿಂದ ಎರಡು ಸಲ ಫೋನ್ ಬಂತು. ಎರಡು ಸಲವೂ ಸಾಹೇಬರು ಸ್ನಾನಕ್ಕೆ ಹೋಗಿದ್ದಾರೆ ಎಂದು ಎಎಸ್‌ಐ ಸುಕಲ್ ಹೇಂಬ್ರಮ್ ಹೇಳಿದ. ಸಾಹೇಬರು ಎದುರಿಗೇ ಕೂತು ಮಂಡಕ್ಕಿ ತಿನ್ನುತ್ತಿದ್ದರು.

ಹನ್ನೊಂದಕ್ಕೆ ಇಬ್ಬರೂ ಕಾರ್ಖಾನೆಯಲ್ಲಿದ್ದರು. ಮ್ಯಾನೇಜರ್ ಚಕ್ಲಾದಾರ್ ತೂಕದ ಮನುಷ್ಯ, ಮಾತಿನಲ್ಲೂ ದೇಹದಲ್ಲೂ. ಕಲ್ಲಿದ್ದಲು ಬೇಯುವ ಒಲೆಗಳಿಂದ ಹೊರಡುವ ಗ್ಯಾಸು ಹೊಲಸು ಗ್ಯಾಸು, ಅದರಲ್ಲಿ ಕೊಳೆತ ಮೊಟ್ಟೆಯಂತೆ ನಾರುವ, ಬೆಳ್ಳಿಯನ್ನೂ ಕಪ್ಪಾಗಿಸುವ ವಿಷವಿರುತ್ತದೆ. ಅದನ್ನು ಹರಾಧನನ ಗೋಪುರದ ಬುಡದಿಂದ ಮೇಲಕ್ಕೆ ಬಿಟ್ಟು, ನೆತ್ತಿಯಿಂದ ಸೋಡಾ ನೀರು ಸುರಿಸುತ್ತಾರೆ. ವಿಷವೆಲ್ಲ ನೀರಿಗಿಳಿದು, ಶುದ್ಧ ಗ್ಯಾಸು ಮುಂದಿನ ಕುಲುಮೆಗಳಿಗೆ ಹೋಗುತ್ತದೆ. ಬುಡದ ತೊಟ್ಟಿಯಲ್ಲಿ ನಿಂತ ನೀರೇ ಗ್ಯಾಸು ಹೊರಬರದಂತೆ ತಡೆಯುವ ಬಿರಡೆ. ಹರಾಧನ ಬಿದ್ದಿದ್ದು ಅದೇ ತೊಟ್ಟಿಯ ಪಕ್ಕದಲ್ಲಿ.

"ತೊಟ್ಟಿಯ ನೀರು ಇಳಿದರೆ?" ಲಾಯೆಕ್ ಕೇಳಿದ.

"ಇಳಿಯಲ್ಲ. ಪಂಪು ಓಡ್ತಾ ಇರೋವರೆಗೆ ನೀರು ಬರ್ತಾನೇ ಇರುತ್ತೆ."

"ನಿನ್ನೆ ಪಂಪು ನಿಂತಿತ್ತಾ?"

"ಒಂದು ನಿಮಿಷಾನೂ ಇಲ್ಲ. ನಿಲ್ಲಿಸಬಾರದು ಅಂತ ನನ್ನದೇ ಆರ್ಡರ್ ಇದೆ."

"ಈಗ ನಿಲ್ಲಿಸಿ. ಪಂಚನಾಮೆ ಮಾಡಬೇಕು."

ಚಕ್ಲಾದಾರ್ ಗೊಣಗಿದ. ಕೊನೆಗೆ ಗ್ಯಾಸನ್ನು ಚಿಮಣಿಗೆ ತಿರುಗಿಸಿ ಸುಡಲು ಹೇಳಿ ಪಂಪು ನಿಲ್ಲಿಸಿದರು. ಹೇಂಬ್ರಮ್ ಪಂಪಿನ ಶಾಫ್ಟಿಗೆ ಮುಚ್ಚಿದ್ದ ಕಬ್ಬಿಣದ ಜಾಲರಿ ಬಿಚ್ಚಿದ. ಮೋಟಾರನ್ನೂ ಪಂಪನ್ನೂ ಜೋಡಿಸುವ ಶಾಫ್ಟಿನ ಹೊಸ ಉಕ್ಕು ಮಿರಮಿರ ಮಿಂಚುತ್ತಿತ್ತು. ಅದನ್ನು ಕೂರಿಸಿದ್ದೇ ಸೋಮವಾರ ಎಂದು ಫಿಟರು ಹೇಳಿದ. ಆ ಮಿಂಚಿನ ನಡುವೆ, ಎಣ್ಣೆಗೆ ಅಂಟಿಕೊಂಡು, ಹೆಬ್ಬೆರಳಿನಷ್ಟು ಅಗಲದ ಸಿಂಧೂರದ ಬೊಟ್ಟು ದುಂಡಗೆ ಕೂತಿತ್ತು.

ಲಾಯೆಕ್ ಬಗ್ಗಿ ಅದನ್ನು ನೋಡಿದ. ಆಮೇಲೆ ಹೇಂಬ್ರಮ್‌ನ ಕಡೆ ತಿರುಗಿದ.

"ನಿನ್ನೆ ಜೀಪಿನ ಚಕ್ರಕ್ಕೆ ಬೊಟ್ಟು ಇಟ್ಟೋನು ನೀನೇ ತಾನೇ?"

"ಹೌದು ಸಾರ್."

"ಓಡೋ ಜೀಪಿಗೆ ಇಟ್ಟೆಯಾ?"

ಹೇಂಬ್ರಮ್ ನಗಲು ಹೊರಟವನು ಅರ್ಧಕ್ಕೇ ನಿಲ್ಲಿಸಿದ. "ಓಡೋ ಶಾಫ್ಟಿಗೆ ಬೆರಳಿಟ್ಟರೆ ಸುತ್ತಲೂ ಗೆರೆ ಬೀಳ್ತಿತ್ತು ಸಾರ್. ಬೆರಳೂ ಉಳೀತಿರ್ಲಿಲ್ಲ."

ಬೊಟ್ಟಿನ ಫೋಟೋ ತೆಗೆದು ಪಂಚರ ಸಹಿ ಹಾಕಿಸಿದರು. ಮ್ಯಾನೇಜರನ ಮುಖ ಸುಣ್ಣವಾಗಿತ್ತು.

ಸಂಜೆಗೆ ಸರ್ಕಾರಿ ವೈದ್ಯರ ಅಭಿಪ್ರಾಯ ಬಂತು. ಹೊಟ್ಟೆಯಲ್ಲಿ ಹೆಂಡವಿರಲಿಲ್ಲ. ಶ್ವಾಸಕೋಶ ವಿಷದ ಗ್ಯಾಸಿನಿಂದ ಊದಿತ್ತು. ಹೆಂಡ ಇದ್ದದ್ದು ಅಂಗಿಯ ಮೇಲೆ ಮಾತ್ರ.

ಮರುದಿನ ಬೆಳಿಗ್ಗೆ ಹೇಂಬ್ರಮ್ ಕಾರ್ಮಿಕರ ಕಾಲೊನಿಯಲ್ಲಿ ಒಂದು ಸುತ್ತು ಹಾಕಿ ಬಂದ. ಯಂತ್ರಗಳಿಗೆ ಸಿಂಧೂರ ಇಡುವ ಹಕ್ಕು ಪೂಜಾ ಸಮಿತಿಯ ಮುಖ್ಯಸ್ಥನಿಗೆ ಮಾತ್ರ, ಬೇರೆ ಯಾರೂ ಕೈ ಹಾಕುವಂತಿಲ್ಲ. ಆತ ಗೋಷ್ಠ ಮಾಝಿ, ಅದೇ ಪಾಳಿಯ ಮೇಸ್ತ್ರಿ, ಹರಾಧನನ ಜೀವದ ಗೆಳೆಯ. ಹೆಣವನ್ನು ಮೊದಲು ಕಂಡು ಕೂಗಿ ಜನ ಸೇರಿಸಿದವನೂ ಅವನೇ.

ಐವತ್ತೈದರ ಮಾಝಿ ಠಾಣೆಗೆ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದ. ಅವನ ಜತೆಗೆ ಬಂದ ತಮ್ಮ ನಿತಾಯಿ ಹೊರಗಿನ ಬೆಂಚಿನಲ್ಲಿ ಕೂತ. ನಿತಾಯಿಯ ಬಲ ತೋಳು ಮೊಣಕೈಗೇ ಮುಗಿದಿತ್ತು.

"ಪೂಜೆ ಎಷ್ಟು ಹೊತ್ತಿಗೆ, ಮಾಝಿಬಾಬು?"

"ಮಧ್ಯಾಹ್ನ ಒಂದಕ್ಕೆ."

"ಪಂಪಿಗೆ ಸಿಂಧೂರ?"

"ಜಾಲರಿಗೆ ಇಟ್ಟೆ."

ಲಾಯೆಕ್ ಫೋಟೋ ಮುಂದಿಟ್ಟ. ಮಾಝಿ ನೋಡಿದ. ಎರಡನೇ ಸಲ ನೋಡಲಿಲ್ಲ.

"ಎಷ್ಟು ಹೊತ್ತು ನಿಲ್ಲಿಸಿದ್ರಿ?"

"ಪುಷ್ಪಾಂಜಲಿ ಮುಗಿಯೋವರೆಗೆ. ಕಾಲು ಗಂಟೆ. ಹರಾ ಪೆಂಡಾಲಿಗೆ ಬಂದಿದಾನೆ ಅಂದ್ಕೊಂಡಿದ್ದೆ. ಅವನು ತೊಟ್ಟಿ ನೋಡಿ ಬರ್ತೀನಿ ಅಂತ ಹೋಗಿದ್ದನಂತೆ."

"ಪಂಪಿನ ಸದ್ದು ನಿಂತದ್ದು ಅವರಿಗೆ ಕೇಳಲಿಲ್ಲವಾ?"

"ನಿದ್ದೇಲೂ ಕೇಳೋನು ಅವನು." ಮಾಝಿ ಫೋಟೋವನ್ನು ಮಗುಚಿಟ್ಟ. "ಆರು ಜನ ಢಾಕ್ ಡೋಲಿನವರನ್ನ ಕರೆಸಿದ್ದೆ, ಬೊಡೊಬಾಬು. ಆ ಬಡಿತದಲ್ಲಿ ಯಾರಿಗೆ ಏನು ಕೇಳುತ್ತೆ?"

"ನಾರುವ ವಾಸನೆ?"

"ಗ್ಯಾಸು ಒಮ್ಮೆಗೇ ನುಗ್ಗಿದರೆ ಮೂಗೇ ಸತ್ತುಹೋಗುತ್ತೆ. ವಾಸನೆ ಇಲ್ಲ ಅಂತ ಮುಂದೆ ಹೋಗಿದಾನೆ."

"ಪೆಂಡಾಲಿನಿಂದ ಬಂದು ಏನು ಮಾಡಿದ್ರಿ?"

"ಪಂಪು ಹಾಕಿದೆ. ಆಮೇಲೆ ಅವನನ್ನ ನೋಡಿದೆ. ಎಳೆದು ಹೊರಗೆ ತಂದೆ, ಎದೆ ಒತ್ತಿದೆ. ಏನೂ ಉಳಿದಿರ್ಲಿಲ್ಲ." ಅಂಗಿಯ ಅಂಚನ್ನು ಎಳೆದುಕೊಂಡು ಹೇಳಿದ, "ಪೆಂಡಾಲಿನ ಹಿಂದೆ ಹುಡುಗರು ಬಾಟಲಿ ಬಚ್ಚಿಟ್ಟಿದ್ರು."

"ಮ್ಯಾನೇಜರ್ ಆರ್ಡರ್ ಇದ್ರೂ ಯಾಕೆ ನಿಲ್ಲಿಸಿದ್ರಿ?"

ಮಾಝಿ ಬಾಗಿಲಿನಾಚೆಯ ಬೆಂಚಿನ ಕಡೆ ನೋಡಿದ.

"ನನ್ನ ಅಪ್ಪನ ಕಾಲದಿಂದ ಹಬ್ಬದ ದಿನ ಪಂಪು ಕಾಲು ಗಂಟೆ ಸುಮ್ಮನಿರ್ತಿತ್ತು. ಮೂರು ವರ್ಷದ ಹಿಂದೆ ಈ ಮ್ಯಾನೇಜರ್ ಬಂದು ಕೂಡದು ಅಂದ. ಆ ವರ್ಷ ಓಡಿಸಿದ್ವಿ. ಒಂದು ತಿಂಗಳೊಳಗೆ ಅದೇ ಪಂಪಿನ ಹಳೇ ಶಾಫ್ಟು ನನ್ನ ತಮ್ಮನ ಕೈ ನುಂಗ್ತು. ಆಮೇಲೆ ಪ್ರತಿ ವರ್ಷ ಕದ್ದು ನಿಲ್ಲಿಸ್ತಿದ್ದೆ. ನಿಜ ಹೇಳಿದ್ರೆ ಪೂಜೇನೇ ನಿಲ್ಲಿಸಿಬಿಡ್ತಾರೆ, ಇನ್ಯಾರ ಕೈ ಹೋಗುತ್ತೋ ಅಂತ ಭಯ ಆಯ್ತು. ಹರಾ ಹೇಗೂ ಹೋಗಿದ್ದ."

ಮಧ್ಯಾಹ್ನ ಮೂರೂಕಾಲಿಗೆ ಅವನನ್ನು ಬಂಧಿಸಲಾಯಿತು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದದ್ದು ಮತ್ತು ಸಾಕ್ಷ್ಯ ತಿರುಚಿದ್ದು ಆರೋಪ. ಲಾಯೆಕ್‌ಗೆ ಅವನ ಮೇಲೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಬಂಧನ ಪತ್ರಕ್ಕೆ ಸಹಿ ಮಾಡುವಾಗ ಕಿಟಕಿಯಾಚೆ ನಿಂತ ಜೀಪಿನ ಚಕ್ರದ ಬೊಟ್ಟು ಕಣ್ಣಿಗೆ ಬಿತ್ತು. ಅದನ್ನು ಅಳಿಸು ಎಂದು ಹೇಂಬ್ರಮ್‌ಗೆ ಹೇಳುವ ಧೈರ್ಯ ಅವನಿಗೂ ಆಗಲಿಲ್ಲ.

ಶೆಫಾಲಿಯನ್ನು ಕರೆಸಿ, ಹೊಟ್ಟೆಯಲ್ಲಿ ಹೆಂಡವಿರಲಿಲ್ಲ ಎಂಬ ವೈದ್ಯರ ವರದಿಯ ಸಾಲನ್ನು ಲಾಯೆಕ್ ಗಟ್ಟಿಯಾಗಿ ಓದಿದ. ಅವಳು ಮತ್ತೊಮ್ಮೆ ಓದಿಸಿದಳು. ಅವಳು ಹೊರಡುವಾಗ ಮಾಝಿ ಲಾಕಪ್ ಕೋಣೆಯ ಕಂಬಿಯ ಹಿಂದಿದ್ದ.

"ಬೌಮಾ," ಎಂದ. ಗೆಳೆಯನ ಹೆಂಡತಿಯನ್ನು ಅವನು ಕರೆಯುತ್ತಿದ್ದುದು ಹಾಗೇ, ಮನೆಯ ಸೊಸೆ ಎಂಬ ಸಲುಗೆಯಲ್ಲಿ.

"ಹನ್ನೊಂದು ವರ್ಷದ ಹಿಂದೆ ಅವರ ಕೈಯಿಂದ ಬಾಟಲಿ ಕಿತ್ಕೊಂಡು ನಮ್ಮನೆ ಚರಂಡಿಗೆ ಸುರಿದೋರು ನೀವು, ದಾದಾ. ಅಂಗಿ ಮೇಲೆ ಸುರಿದಿದ್ದೂ ಅದೇ ಕೈಲಾ?"

ಮಾಝಿ ಕಂಬಿ ಹಿಡಿದಿದ್ದ ಕೈಯನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಂಡ.

ಕೇಸು ಮುಗಿಯುವವರೆಗೆ ತಾಯಿತ ಠಾಣೆಯಲ್ಲೇ ಇರಬೇಕಾಗುತ್ತದೆ, ಆಮೇಲೆ ತೊಳೆಸಿ ಕೊಡಿಸುತ್ತೇನೆ ಎಂದು ಲಾಯೆಕ್ ಹೇಳಿದ. ಶೆಫಾಲಿ ತಲೆಯಾಡಿಸಿದಳು.

"ಬೇಡ ಬೊಡೊಬಾಬು. ಕಪ್ಪಗೇ ಇರ್ಲಿ. ನಮ್ಮ ಮನೆಯವರು ಕುಡಿದಿರ್ಲಿಲ್ಲ ಅಂತ ಮೊದಲು ಹೇಳಿದ್ದು ಅದೇ."