ಬಗ್ಗಿದವರು ಕಾಣದ ಗಾಡಿ

"ಗಾಡಿ ನಿಲ್ಲಿಸ್ರಿ!"

ಮಯೂರಿ ಟೀಚರ್ ಕೂಗುವಷ್ಟರಲ್ಲಿ ಪುಟ್ಟ ರೋಬೋಟ್ ಗಾಡಿ ಗೊಂಬೆಯ ಮೇಲೆ ಹಾದುಹೋಗಿತ್ತು. ಉಗಾರ ಖುರ್ದದ ಶಾಲೆಯ ಮಕ್ಕಳು ಘೊಳ್ಳೆಂದು ನಕ್ಕರು. ರೋಬೋಟ್ ಪಾಠ ಹೇಳಲೆಂದು ಚಿಕ್ಕೋಡಿಯಿಂದ ಅಂದೇ ಮೊದಲ ಸಲ ಬಂದಿದ್ದ ಸಿದ್ದಲಿಂಗನೂ ನಕ್ಕ.

ತಿಂಗಳುಗಟ್ಟಲೆ ಕೂತು ಮಯೂರಿಯೇ ಮಕ್ಕಳಿಂದ ಮಾಡಿಸಿದ್ದ ಗಾಡಿ ಅದು. ಕಬ್ಬಿನ ಟ್ರ್ಯಾಕ್ಟರಿನ ಮಾದರಿ. ಮುಂದೆ ಯಾರಾದರೂ ಇದ್ದರೆ ನಿಲ್ಲಬೇಕು, ಅದೊಂದೇ ನಿಯಮ. ನಿಂತ ಗೊಂಬೆಯ ಮುಂದೆ ಹತ್ತು ಸಲವೂ ನಿಂತಿತ್ತು. ಈ ಪುಣ್ಯಾತ್ಮ ಸಿದ್ದಲಿಂಗ ಗೊಂಬೆಯನ್ನು ಬಗ್ಗಿಸಿ ಕೂರಿಸಿದ್ದ!

"ಸೆನ್ಸರ್ ಮ್ಯಾಲೈತ್ರಿ. ಬಗ್ಗಿದವರು ಅದಕ್ಕ ಕಾಣಂಗಿಲ್ಲ," ಎಂದ.

ಮಯೂರಿಯ ಮುಖ ಬಿಳಿಚಿತು. ಗೊತ್ತಿದ್ದೇ ಮಾಡಿದನಾ...? ನನ್ನಪ್ಪನ ಸಾವು ಇವನಿಗೆ ಆಟವಾ...? ಹೊರನಡೆದಳು.

ಆಮೇಲೆ ಅವನು ಬಂದ ದಿನವೆಲ್ಲ ಅವಳು ಬೇರೆ ತರಗತಿ ಸೇರಿಕೊಂಡಳು. ಆದರೆ ಕಿವಿ ಅವಳ ಮಾತು ಕೇಳಬೇಕಲ್ಲ! ತಪ್ಪು ಮಾಡಿದ ಮಗುವನ್ನು ಅವನು ಬೈಯುತ್ತಿರಲಿಲ್ಲ. ಎಲ್ಲಿ ತಪ್ಪೈತಿ, ಕೂಡಿ ಹುಡುಕೋಣ ಎನ್ನುತ್ತಿದ್ದ. ಗೋಡೆಯಾಚೆಯ ಆ ದನಿಗೆ ಅವಳು ಸೋತಿದ್ದಳು, ಸಿಟ್ಟು ಮಾತ್ರ ಇಳಿದಿರಲಿಲ್ಲ.

ಕೊನೆಯ ಪಾಠದ ಸಂಜೆ, ಮಕ್ಕಳು ಹೋದ ಮೇಲೆ ಅವಳೇ ಬಂದಳು. ಅಪ್ಪನ ಕತೆ ಹೇಳಿದಳು. ಆಗ ಅವಳಿಗೆ ಎಂಟು ವರ್ಷ. ನಿಂತ ಟ್ರ್ಯಾಕ್ಟರಿನ ಮುಂದೆ ಬಿದ್ದಿದ್ದ ಕಬ್ಬು ಎತ್ತಲು ಅಪ್ಪ ಬಗ್ಗಿದ್ದ. ಮೇಲೆ ಕೂತ ಡ್ರೈವರನಿಗೆ ಯಾರೂ ಕಾಣಲಿಲ್ಲ. ಗಾಡಿ ಹೊರಟಿತು.

"ಕಬ್ಬ ಬೇಕಂತ ಹಟ ಹಿಡಿದಾಕಿ ನಾನ ರೀ... ಇವತ್ತಿನ ತನ ಅವ್ವಗೂ ಹೇಳಿಲ್ಲ."

ಸಿದ್ದಲಿಂಗನಿಗೆ ಇದೊಂದೂ ಗೊತ್ತಿರಲಿಲ್ಲ. ಅವನ ಕಣ್ಣು ತುಂಬಿತು.

"ಸಣ್ಣ ಹುಡುಗಿ ಕಬ್ಬ ಕೇಳೂದು ತಪ್ಪಲ್ರಿ. ಬಗ್ಗಿದವರು ಕಾಣದ್ದು ತಪ್ಪು. ಅವತ್ತ ನನಗೂ ನೀವು ಕಾಣಲಿಲ್ಲ. ನಕ್ಕಬಿಟ್ಟೆ."

ಮೇಜಿನ ಮೇಲೆ ಅದೇ ಗಾಡಿ ಇತ್ತು. ಮಕ್ಕಳು ಕೆಳಗೂ ಒಂದು ಸೆನ್ಸರ್ ಕೂರಿಸಿದ್ದರು. ಮಯೂರಿ ಅದನ್ನು ನೆಲಕ್ಕಿಳಿಸಿ, ಎದುರಿಗೆ ಬಗ್ಗಿ ಕುಳಿತಳು.

"ಗಾಡಿ ಬಿಡ್ರಿ," ಎಂದಳು.

ಗಾಡಿ ಬಂತು. ಅವಳಿಂದ ನಾಲ್ಕು ಬೆರಳು ದೂರದಲ್ಲೇ ನಿಂತಿತು. ಇಷ್ಟು ವರ್ಷ ತಡೆದಿದ್ದ ಅಳು ಆಗ ಒಡೆಯಿತು. ಅವನು ಬಂದು ಅವಳೆದುರು ನೆಲಕ್ಕೇ ಕುಳಿತ. ಬಹಳ ಹೊತ್ತಿನ ಮೇಲೆ ಅವಳು ಕಣ್ಣೊರೆಸಿಕೊಂಡಳು.

"ನಾಳಿಂದ ನಿಮಗ ಬ್ಯಾರೆ ಸಾಲಿ ಅಂತಲ್ರಿ. ಹೋಗ್ತೀರೇನು?"

"ನೀವು ಮುಂದ ಕುಂತೀರಲ್ರಿ ಮಯೂರಿ... ಹೆಂಗ ಹೋಗ್ಲಿ?"